ಪಣ್ಣೈಯಾಳು

ತಮಿಳುನಾಡಿನ ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ಭೂಮಾಲೀಕ ಗೌಂಡರ ಹೊಲಗಳಲ್ಲಿ ವರ್ಷದ ಲೆಕ್ಕಕ್ಕೆ ದುಡಿಯುತ್ತಿದ್ದವನು ಪಣ್ಣೈಯಾಳು. ತಮಿಳಿನಲ್ಲಿ ಪಣ್ಣೈ ಅಂದರೆ ಬೇಸಾಯದ ಹೊಲ. ಆಳು ನಮ್ಮದೇ ಆಳು. ದುಡಿಯುವವನೂ ಆಳು, ಬರಿಯ ಮನುಷ್ಯನೂ ಆಳು. ‘ಎರಡಾಳು ನೀರಿದೆ’ ಎಂದು ಬಾವಿಯನ್ನು ಅಳೆಯುವುದೂ ಅವನ ಮೈಯಿಂದಲೇ.

ಗೌಂಡರ ಹೊಲದ ಬಾವಿಗಳಿಗೆ ಜೀವ ಕೊಟ್ಟವರು ಪಣ್ಣೈಯಾಳುಗಳಾಗಿ ದುಡಿದ ಮಾದಾರಿ ಜಾತಿಯವರು. ಅವರಲ್ಲಿ ಹಲವರ ಮನೆಮಾತು ತೆಲುಗು, ಕೆಲವರದು ಕನ್ನಡ. ಚರ್ಮ ಹದಮಾಡಿ, ಬಾವಿಯಿಂದ ನೀರೆತ್ತುವ ಕಪಿಲೆಯ ಚೀಲ ಹೊಲಿಯುತ್ತಿದ್ದವರೂ ಅವರೇ, ಎತ್ತು ಹೂಡಿ ನೀರೆತ್ತುತ್ತಿದ್ದವರೂ ಅವರೇ. ಜೋಡೆತ್ತು ಇಳಿಜಾರಿನಲ್ಲಿ ಇಳಿಯುವಾಗ ಆಳು ಹಗ್ಗದ ಮೇಲೆ ಕೂತು ತನ್ನ ಭಾರವನ್ನೂ ಕೊಡುತ್ತಿದ್ದ. ಚೀಲ ಮೇಲೆ ಬರುತ್ತಿದ್ದಂತೆ ಅದರ ಸೊಂಡಿಲು ಕೆಳಗಿನ ಉರುಳೆಯ ಮೇಲೆ ಚಾಚಿ, ನೀರು ಕಾಲುವೆಗೆ ಧುಮುಕುತ್ತಿತ್ತು. ಮತ್ತೆ ಎತ್ತುಗಳನ್ನು ಹಿಂದಕ್ಕೆ ನಡೆಸಬೇಕಿತ್ತು. ಅದೇ ಕಷ್ಟದ ಕೆಲಸ. ದಾರಿ ತಪ್ಪದಂತೆ, ಹಗ್ಗ ತೊಡರದಂತೆ, ದಿನವಿಡೀ. ‘ಆಳು ಮಾಡಿದ್ದು ಹಾಳು’ ಎಂಬ ಗಾದೆ ಕಟ್ಟಿದವರು ಕಪಿಲೆ ಹೊಡೆದವರಲ್ಲ!

ಈ ಕೌಶಲಕ್ಕೆ ಸಿಕ್ಕ ಪ್ರತಿಫಲ ಅಳೆದು ಕೊಟ್ಟ ಕಾಳು, ತೀರದ ಮುಂಗಡ ಸಾಲ, ಊರಾಚೆಯ ಕೇರಿ. ಅದನ್ನು ಮರೆತು ಕೌಶಲವನ್ನಷ್ಟೇ ಮೆಚ್ಚುವುದು ಅನ್ಯಾಯ. 1930ರ ದಶಕದಲ್ಲಿ ನೀಲಗಿರಿಯ ಪೈಕಾರಾ ಜಲವಿದ್ಯುತ್ ಬಂತು. ಬಾವಿಗಳಿಗೆ ಪಂಪುಗಳು ಇಳಿಯತೊಡಗಿದವು. ಆದರೆ ಆಳನ್ನು ಸಾಲಕ್ಕೆ ಕಟ್ಟಿಹಾಕುವ ಜೀತಪದ್ಧತಿಯ ರದ್ದತಿಗೆ ಕಾನೂನು ಬರಲು 1976 ಆಗಬೇಕಾಯಿತು.