ವಿಡಿಯೋ ಸಂಪೀಡನ: ಮಾಹಿತಿ ಕಳೆಯುವುದು ಎಲ್ಲಿ?

ಹೊಳೆಮಣ್ಣೂರಿನ ಬಳಿ ಮಲಪ್ರಭೆಯ ದಂಡೆಯಲ್ಲಿ ನಿಂತು ಮೊಬೈಲಿನಲ್ಲಿ ಹೊಳೆಯ ವಿಡಿಯೋ ತೆಗೆಯಿರಿ. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಇನ್ನೊಂದು ಮೊಬೈಲಿನಲ್ಲಿ ನೋಡಿ. ದಂಡೆಯ ಜಾಲಿಗಿಡ ಬಹುಮಟ್ಟಿಗೆ ಇದ್ದಂತೆಯೇ ಇರುತ್ತದೆ; ನೀರಿನ ಅಲೆಗಳು ಮಾತ್ರ ಕಲಸಿದಂತೆ ಕಾಣುತ್ತವೆ. ನೀರೇ ಏಕೆ ಕೆಡಬೇಕು ಎಂದು ಆ ಭಾಗದ ವಿದ್ಯಾರ್ಥಿಯೊಬ್ಬ ನನ್ನನ್ನು ಕೇಳಿದ. ನಾವು ತರಗತಿಯಲ್ಲಿ ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ ಸಾಲಿನದು: ಸಂಪೀಡನವೆಂದರೆ ಬೇಡವಾದ ಮಾಹಿತಿಯನ್ನು ತೆಗೆದುಹಾಕುವುದು. ಅದು ಸುಳ್ಳಲ್ಲ. ಆದರೆ ಯಾರಿಗೆ ಬೇಡವಾದದ್ದು, ಯಾವ ಹಂತದಲ್ಲಿ ತೆಗೆದದ್ದು ಎಂಬ ಎರಡೂ ಪ್ರಶ್ನೆಗಳನ್ನು ಅದು ಮುಚ್ಚಿಬಿಡುತ್ತದೆ.

ಮೊದಲು ಲೆಕ್ಕ. 1920 × 1080 ಪಿಕ್ಸೆಲ್, ಪ್ರತಿ ಪಿಕ್ಸೆಲ್‌ಗೆ 24 ಬಿಟ್, ಸೆಕೆಂಡಿಗೆ 25 ಚಿತ್ರ ಎಂದಾದರೆ ಒಂದು ಸೆಕೆಂಡಿಗೆ ಸುಮಾರು 124 ಕೋಟಿ ಬಿಟ್‌ಗಳಾಗುತ್ತವೆ. 700 ಮೆಗಾಬೈಟ್‌ನ ಸಿ.ಡಿ. ನಾಲ್ಕೂವರೆ ಸೆಕೆಂಡಿನಲ್ಲಿ ತುಂಬಿಹೋಗುತ್ತದೆ. ಇದನ್ನು ಸೆಕೆಂಡಿಗೆ 50 ಲಕ್ಷ ಬಿಟ್‌ಗೆ ಇಳಿಸಿದರೆ ಉಳಿಯುವುದು ಸುಮಾರು 250ರಲ್ಲಿ ಒಂದು ಪಾಲು.

ಈ ಇಳಿಕೆಯ ಮೂಲದಲ್ಲಿರುವ ಗಣಿತಕ್ಕೂ ಬೆಂಗಳೂರಿಗೂ ನಂಟಿದೆ. 1940ರಲ್ಲಿ ಅಲ್ಲಿ ಹುಟ್ಟಿ, ಇಂದು ಯುವಿಸಿಇ ಎಂದು ಕರೆಯುವ ಕಾಲೇಜಿನಲ್ಲಿ 1961ರಲ್ಲಿ ಇಂಜಿನಿಯರಿಂಗ್ ಪದವಿ ಪಡೆದ ನಾಸಿರ್ ಅಹ್ಮದ್, ಮುಂದೆ ಅಮೆರಿಕದ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ (ಡಿಸಿಟಿ) ರೂಪಿಸಿದರು. 1972ರಲ್ಲಿ ಅದಕ್ಕಾಗಿ ಕೇಳಿದ ಅನುದಾನ ಸಿಗಲಿಲ್ಲ. ವಿಚಾರ ತೀರ ಸರಳವಾಯಿತು ಎಂದು ಒಬ್ಬ ಪರಿಶೀಲಕರ ಅಭಿಪ್ರಾಯವಿತ್ತೆಂದು ಅವರೇ ಮುಂದೆ ಬರೆದಿದ್ದಾರೆ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಬರೆದ ನಾಲ್ಕು ಪುಟಗಳ ಲೇಖನ 1974ರ ಜನವರಿಯಲ್ಲಿ ಪ್ರಕಟವಾಯಿತು. ಅದರ ಸಾರಾಂಶದಲ್ಲಿ ವಿಡಿಯೋದ ಮಾತೇ ಇಲ್ಲ. ಆದ್ದರಿಂದ 'ವಿಡಿಯೋ ಕೋಡೆಕ್ ಕಂಡುಹಿಡಿದ ಬೆಂಗಳೂರಿಗ' ಎಂದು ಹೊಗಳುವುದು ಅಭಿಮಾನವೇ ಹೊರತು ಇತಿಹಾಸವಲ್ಲ. ಅವರು ಕೊಟ್ಟದ್ದು ಒಂದು ರೂಪಾಂತರ. ಅದೇನು ಸಣ್ಣದಲ್ಲ.

ಅದರ ಸೊಗಸನ್ನು ಭೌತಶಾಸ್ತ್ರದ ವಿದ್ಯಾರ್ಥಿ ಸುಲಭವಾಗಿ ಗ್ರಹಿಸಬಲ್ಲ. ಫೂರಿಯೆ ವಿಧಾನವು ಚಿತ್ರದ ತುಂಡೊಂದು ಹಾಗೆಯೇ ಮರುಕಳಿಸುತ್ತದೆ ಎಂದು ಭಾವಿಸುತ್ತದೆ. ತುಂಡಿನ ಎಡತುದಿ ಬಿಳಿ, ಬಲತುದಿ ಕಪ್ಪಾಗಿದ್ದರೆ ಕೂಡುವ ಜಾಗದಲ್ಲಿ ಒಂದು ಮೆಟ್ಟಿಲು ಹುಟ್ಟುತ್ತದೆ. ಮೆಟ್ಟಿಲನ್ನು ಕಟ್ಟಲು ಅನೇಕ ಉಚ್ಚ ಆವೃತ್ತಿಗಳು ಬೇಕು. ಡಿಸಿಟಿ ತುಂಡಿನ ಪಕ್ಕದಲ್ಲಿ ಕನ್ನಡಿ ಇಟ್ಟಂತೆ ಅದನ್ನು ತಿರುಗಿಸಿ ಜೋಡಿಸುತ್ತದೆ. ಮೆಟ್ಟಿಲೇ ಇಲ್ಲ! ಹೀಗಾಗಿ ಶಕ್ತಿಯ ಬಹುಪಾಲು ಕೆಲವೇ ಗುಣಾಂಕಗಳಲ್ಲಿ ಸೇರಿಕೊಳ್ಳುತ್ತದೆ.

ಇಲ್ಲಿಯೇ ಆಗಾಗ ಒಂದು ತಪ್ಪಾಗುತ್ತದೆ. ಡಿಸಿಟಿಯೇ ಮಾಹಿತಿಯನ್ನು ಕಳೆಯುತ್ತದೆ ಎಂದು ಹಲವರು ಬರೆಯುತ್ತಾರೆ, ಪಾಠವನ್ನೂ ಮಾಡುತ್ತಾರೆ. ಹಾಗಿಲ್ಲ. 8 × 8 ತುಂಡಿನ 64 ಸಂಖ್ಯೆಗಳನ್ನು ಕೊಟ್ಟರೆ 64 ಸಂಖ್ಯೆಗಳೇ ಬರುತ್ತವೆ. ಹಿಮ್ಮುಖವಾಗಿ ನಡೆಸಿದರೆ ಮೊದಲಿನವು ಮರಳುತ್ತವೆ. ನಷ್ಟವಾಗುವುದು ಮುಂದಿನ ಹೆಜ್ಜೆಯಾದ ಕ್ವಾಂಟೀಕರಣದಲ್ಲಿ. ಗುಣಾಂಕ 13 ಇದ್ದರೆ 10ರಿಂದ ಭಾಗಿಸಿ 1 ಎಂದು ಬರೆದುಕೊಳ್ಳುತ್ತೇವೆ. ಮರಳಿ ಗುಣಿಸಿದಾಗ 10 ಸಿಗುತ್ತದೆ, 3 ಹೋಯಿತು. ಗುಣಾಂಕ 4 ಇದ್ದರೆ ಸೊನ್ನೆಯೇ ಆಗುತ್ತದೆ. ಕಣ್ಣು ಸುಲಭವಾಗಿ ಗುರುತಿಸದ ಉಚ್ಚ ಆವೃತ್ತಿಗಳಿಗೆ ಸಾಮಾನ್ಯವಾಗಿ ದೊಡ್ಡ ಭಾಜಕ.

ಕೋಡೆಕ್‌ನ ಇನ್ನರ್ಧ ಚಲನೆಯ ಊಹೆ. 1988ರ ಎಚ್.261 ಮಾನಕದಲ್ಲೇ ಎರಡೂ ಒಟ್ಟಿಗೆ ಬಂದವು. ಹಿಂದಿನ ಚಿತ್ರದ ಯಾವ ತುಂಡು ಎಲ್ಲಿಗೆ ಸರಿಯಿತೆಂದು ಹೇಳಿ, ಉಳಿದ ವ್ಯತ್ಯಾಸವನ್ನಷ್ಟೇ ಡಿಸಿಟಿಗೆ ಒಪ್ಪಿಸುವುದು ಈ ಕ್ರಮ. ಜಾಲಿಗಿಡಕ್ಕೆ ಇದು ಸಾಕು. ಅಲೆಯೋ, ಸರಿಯುವುದಿಲ್ಲ, ರೂಪವನ್ನೇ ಬದಲಿಸುತ್ತದೆ. ಊಹೆ ಸೋಲುತ್ತದೆ, ವ್ಯತ್ಯಾಸ ಬೆಳೆಯುತ್ತದೆ. ಬಿಟ್‌ಗಳ ಪಡಿತರ ಅಷ್ಟೇ ಇರುವುದರಿಂದ ಭಾಜಕ ಹಿಗ್ಗುತ್ತದೆ. ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಇದು.

ಹಳೆಯ ಮಾನಕಗಳಲ್ಲಿ ಒಂದು ನಿಜವಾದ ದೋಷವಿತ್ತು. ಕೊಸೈನ್ ಬೆಲೆಗಳು ಹೆಚ್ಚಾಗಿ ಅಭಾಗಲಬ್ಧ ಸಂಖ್ಯೆಗಳು. ಎರಡು ಯಂತ್ರಗಳು ಅವನ್ನು ಬೇರೆಬೇರೆಯಾಗಿ ಸರಿಹೊಂದಿಸಿಕೊಂಡರೆ ಸಣ್ಣ ತಪ್ಪು ಚಿತ್ರದಿಂದ ಚಿತ್ರಕ್ಕೆ ಕೂಡುತ್ತಾ ಹೋಗುತ್ತದೆ. 2003ರ ಎಚ್.264 ಪೂರ್ಣಾಂಕಗಳ ರೂಪಾಂತರವನ್ನು ತಂದು ಇದನ್ನು ನಿವಾರಿಸಿತು. ನನ್ನ ದೃಷ್ಟಿಯಲ್ಲಿ ಅದರ ದೊಡ್ಡ ಗುಣ ಇದೇ. ಪ್ರಚಾರವಾದದ್ದು ಮಾತ್ರ ಕಡತ ಎಷ್ಟು ಚಿಕ್ಕದಾಯಿತು ಎಂಬುದು. 2013ರ ಎಚ್.265, 2018ರ ಎವಿ1, 2020ರ ಎಚ್.266 ಇನ್ನೂ ಕಡಿಮೆ ಬಿಟ್ ಕೇಳುತ್ತವೆ, ಹೆಚ್ಚು ಲೆಕ್ಕ ಮಾಡಿಸುತ್ತವೆ. ಪೇಟೆಂಟ್‌ಗಳ ಜಗಳ ಬೇರೆ ಕಥೆ.

ಶಿಕ್ಷಕರಿಗೆ ಇದರಿಂದ ಆಗುವ ತೊಂದರೆ ಬೇರೆಯದು. ಬೀಳುವ ಚೆಂಡಿನ ವಿಡಿಯೋ ತೆಗೆದು, ಚಿತ್ರ ಚಿತ್ರವಾಗಿ ಅಳೆದು ಗುರುತ್ವ ವೇಗೋತ್ಕರ್ಷ ಕಂಡುಹಿಡಿಯುವ ಪ್ರಯೋಗ ಈಗ ಶಾಲೆಗಳಲ್ಲೂ ನಡೆಯುತ್ತದೆ. ಒಳ್ಳೆಯದೇ. ಆದರೆ ಏನನ್ನು ಬಿಡಬೇಕೆಂದು ಕೋಡೆಕ್ ಕೇಳಿದ್ದು ಕಣ್ಣನ್ನು, ಅಳತೆಪಟ್ಟಿಯನ್ನಲ್ಲ. ಮಂದ ಬೆಳಕಿನಲ್ಲಿ ಕೆಲವು ಮೊಬೈಲುಗಳು ಚಿತ್ರಗಳ ನಡುವಿನ ಕಾಲಾಂತರವನ್ನೇ ಬದಲಿಸುತ್ತವೆ. ಹಿನ್ನೆಲೆಯ ಬಣ್ಣಕ್ಕೆ ಹತ್ತಿರವಾದ ಚೆಂಡಿನ ಅಂಚು ಅಳಿಸಿಹೋಗುತ್ತದೆ. ಹಂಚಿಕೊಂಡು ಬಂದ ವಿಡಿಯೋದಲ್ಲಿ ಅಳತೆ ಮಾಡಬೇಡಿ. ಮೊಬೈಲಿನ ಮೂಲ ಕಡತವನ್ನೇ ಬಳಸಿ, ಬಿಸಿಲಿನಲ್ಲಿ, ಕಪ್ಪು ಹಿನ್ನೆಲೆಗೆ ಬಿಳಿ ಚೆಂಡು ಹಿಡಿದು.

ಮಕ್ಕಳಿಗೆ ತೋರಿಸಲು ಖರ್ಚಿಲ್ಲದ ಪ್ರಯೋಗ ಒಂದಿದೆ. ಒಂದೇ ಕ್ಯಾಮೆರಾದಿಂದ ಮೋಡವಿಲ್ಲದ ಆಕಾಶದ್ದೊಂದು, ಅಲೆಯೆದ್ದ ಹೊಳೆಯದ್ದೊಂದು ಜೆಪೆಗ್ ಫೋಟೋ ತೆಗೆಸಿ. ಪಿಕ್ಸೆಲ್‌ಗಳ ಸಂಖ್ಯೆ ಎರಡರಲ್ಲೂ ಒಂದೇ. ಕಡತಗಳ ಗಾತ್ರವನ್ನು ಅವರೇ ಓದಿ ಹೋಲಿಸಲಿ.