ಪೆಟ್ಟಿಗೆಯೊಳಗೊಂದು ಪೆಟ್ಟಿಗೆ: ಜಾತ್ರೆಯ ಬ್ಯಾಂಜೊ, ಮಾಡೆಲರ್ ಮತ್ತು ಸ್ಪೀಕರ್

ಆಳಂದದ ಲಾಡ್ಲೆ ಮಶಾಯಕ್ ದರ್ಗಾದ ಉರುಸಿನಲ್ಲಿ ಕವ್ವಾಲಿ, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭಜನೆ, ಜೇವರ್ಗಿ ಸೀಮೆಯ ಕಡಕೋಳದಲ್ಲಿ ಮಡಿವಾಳಪ್ಪನವರ ತತ್ವಪದ. ಕಲಬುರಗಿ ಜಿಲ್ಲೆಯ ಈ ಭಾಗದಲ್ಲಿ ಹಾಡು ಕೇಳಲು ಸಭಾಂಗಣ ಹುಡುಕಿಕೊಂಡು ಹೋಗಬೇಕಿಲ್ಲ, ಬಯಲೇ ಸಭಾಂಗಣ. ಆದರೆ ಬಯಲಿನಲ್ಲಿ ಕುಳಿತ ನಮ್ಮ ಕಿವಿಗೆ ಬೀಳುವುದು ಹಾಡುಗಾರನ ಕಂಠವೇ? ಅಲ್ಲ, ಸ್ಪೀಕರಿನ ಕಂಠ. ಸಂಗೀತ ವಿಮರ್ಶೆ ಬರೆಯುವವರು ರಾಗ, ತಾಳ, ಸಾಹಿತ್ಯ ಎಲ್ಲವನ್ನೂ ತೂಗಿ ನೋಡುತ್ತಾರೆ. ಕೊನೆಯಲ್ಲಿ ಗಾಳಿಯನ್ನು ಅಲುಗಾಡಿಸುವ ಆ ಕಾಗದದ ಶಂಕುವಿನ ಬಗ್ಗೆ ಒಂದು ಮಾತೂ ಇರುವುದಿಲ್ಲ. ಈ ಲೇಖನ ಅದರ ವಿಮರ್ಶೆ.

ಬ್ಯಾಂಜೊದಿಂದ ಆರಂಭಿಸೋಣ. ನಮ್ಮಲ್ಲಿ ಬ್ಯಾಂಜೊ ಎಂದರೆ ಅಮೆರಿಕದ ಚರ್ಮವಾದ್ಯವಲ್ಲ. ಬೆರಳಚ್ಚು ಯಂತ್ರದಂತೆ ಕೀಲಿಗಳಿರುವ ತಂತಿವಾದ್ಯ, ಬುಲ್‌ಬುಲ್ ತರಂಗ. ಇದರ ಮೂಲ 1912ರಲ್ಲಿ ಜಪಾನಿನ ನಾಗೋಯಾದಲ್ಲಿ ಗೋರೊ ಮೊರಿಟಾ ರೂಪಿಸಿದ ತೈಶೊಗೊಟೊ. ಕವ್ವಾಲಿಯಲ್ಲೂ ಮೆರವಣಿಗೆಯಲ್ಲೂ ನುಡಿಯುವ ಬ್ಯಾಂಜೊಗಳಿಗೆ ತಂತಿಯ ಕೆಳಗೆ ಒಂದು ಪಿಕಪ್ ಇರುತ್ತದೆ: ಕಾಂತ ಮತ್ತು ಅದರ ಸುತ್ತ ಸಾವಿರಾರು ಸುತ್ತು ತೆಳು ತಂತಿ. ಉಕ್ಕಿನ ತಂತಿ ಕಂಪಿಸಿದಾಗ ಕಾಂತ ಅಭಿವಾಹ ಬದಲಾಗುತ್ತದೆ, ಸುರುಳಿಯಲ್ಲಿ ವಿದ್ಯುತ್ ಪ್ರೇರಣೆಯಾಗುತ್ತದೆ. ಫ್ಯಾರಡೆಯ ನಿಯಮವನ್ನು ತರಗತಿಯಲ್ಲಿ ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ವಿದ್ಯುತ್ ಗಿಟಾರಿನಲ್ಲಿರುವುದೂ ಇದೇ. ಹೀಗಾಗಿ ಗಿಟಾರಿಗೆಂದು ತಯಾರಾದ ಡಿಜಿಟಲ್ ಪೆಟ್ಟಿಗೆಗಳು ಬ್ಯಾಂಜೊದವರ ಕೈಗೂ ಬಂದಿವೆ. ಬಳಸುವವರು ಇದನ್ನು ‘ಪ್ರೊಸೆಸರ್’ ಎನ್ನುತ್ತಾರೆ. ತಯಾರಕರ ಮಾತಿನಲ್ಲಿ ‘ಮಾಡೆಲರ್’.

ಮಾಡೆಲರ್ ಏನನ್ನು ಅನುಕರಿಸುತ್ತದೆ? ಗಿಟಾರ್ ಆಂಪ್ಲಿಫೈಯರು ನಮ್ಮ ಮನೆಯ ರೇಡಿಯೋದಂತೆ ಇದ್ದದ್ದನ್ನು ಇದ್ದಂತೆ ದೊಡ್ಡದು ಮಾಡುವ ಯಂತ್ರವಲ್ಲ. ಲಿಯೋ ಫೆಂಡರ್ ಅಮೆರಿಕದಲ್ಲಿ, 1962ರಿಂದ ಜಿಮ್ ಮಾರ್ಷಲ್ ಲಂಡನ್ನಿನಲ್ಲಿ ತಯಾರಿಸಿದ ವಾಲ್ವ್ ಆಂಪ್ಲಿಫೈಯರುಗಳು ಸಂಕೇತವನ್ನು ತಿದ್ದುತ್ತಿದ್ದವು, ಕೆಲವೊಮ್ಮೆ ಕೆಡಿಸುತ್ತಿದ್ದವು. ಆ ಕೆಡುಕನ್ನೇ ಜನ ಮೆಚ್ಚಿಕೊಂಡರು. ಮೊದಲ ಹಂತದ ವಾಲ್ವ್, ಪವರ್ ವಾಲ್ವ್, ಟ್ರಾನ್ಸ್‌ಫಾರ್ಮರ್, 12 ಇಂಚಿನ ಸ್ಪೀಕರ್, ಅದನ್ನು ಹಿಡಿದಿಟ್ಟ ಮರದ ಪೆಟ್ಟಿಗೆ, ಮುಂದಿಟ್ಟ ಮೈಕು – ಇಷ್ಟೂ ಸೇರಿ ಒಂದು ‘ದನಿ’. ರೋಲ್ಯಾಂಡ್ ಕಂಪನಿಯ ವಿಜಿ-8 (1995), ಲೈನ್ 6 ಕಂಪನಿಯ ಪಾಡ್ (1998), ಕೆಂಪರ್ (2011) ಮುಂತಾದ ಯಂತ್ರಗಳು ಈ ಸರಪಳಿಯನ್ನು ಲೆಕ್ಕಾಚಾರದಿಂದ ಕಟ್ಟಿಕೊಡುತ್ತ ಬಂದಿವೆ.

ಸರಪಳಿಯಲ್ಲಿ ಎರಡು ಬಗೆಯ ಕೊಂಡಿಗಳಿವೆ ಎಂಬುದನ್ನು ಗಮನಿಸಿ. ವಾಲ್ವ್ ಅರೇಖೀಯ: ಒಳಬರುವ ಸಂಕೇತ ಇಮ್ಮಡಿಯಾದರೆ ಹೊರಬರುವುದು ಇಮ್ಮಡಿಯಾಗಲೇಬೇಕಿಲ್ಲ, ಅಲೆಯ ತುದಿ ಚಪ್ಪಟೆಯಾಗಿ ಹೊಸ ಆವೃತ್ತಿಗಳು ಹುಟ್ಟುತ್ತವೆ. ಸ್ಪೀಕರ್ ಪೆಟ್ಟಿಗೆ ಬಹುಮಟ್ಟಿಗೆ ರೇಖೀಯ: ಹೊಸದೇನನ್ನೂ ಹುಟ್ಟಿಸದು, ಇರುವ ಆವೃತ್ತಿಗಳಲ್ಲಿ ಕೆಲವನ್ನು ಹೆಚ್ಚಿಸಿ ಕೆಲವನ್ನು ತಗ್ಗಿಸುತ್ತದೆ. ಆದ್ದರಿಂದ ಅದಕ್ಕೆ ಒಂದು ಚುಟುಕಾದ ವಿದ್ಯುತ್ ಸ್ಪಂದ ಕೊಟ್ಟು, ಅದು ಹೇಗೆ ಪ್ರತಿಕ್ರಿಯಿಸಿತು ಎಂದು ದಾಖಲಿಸಿಕೊಂಡರೆ ಸಾಕು, ಆ ಪೆಟ್ಟಿಗೆಯ ಜಾತಕವೇ ಸಿಕ್ಕಂತೆ. ಸೆಕೆಂಡಿಗೆ 48,000 ಮಾದರಿಗಳ ದರದಲ್ಲಿ 2,048 ಮಾದರಿಗಳ ದಾಖಲೆ ಎಂದರೆ ಕೇವಲ 43 ಮಿಲಿಸೆಕೆಂಡ್. ಬ್ಯಾಂಜೊದ ಸಂಕೇತವನ್ನು ಈ ದಾಖಲೆಯೊಂದಿಗೆ ಕ್ರಮವಾಗಿ ಗುಣಿಸಿ ಕೂಡುತ್ತ ಹೋದರೆ ಇಲ್ಲದ ಪೆಟ್ಟಿಗೆಯ ದನಿ ಬರುತ್ತದೆ.

ಇನ್ನು ತೊಂದರೆಗೆ ಬರೋಣ. ಗಿಟಾರ್ ಸ್ಪೀಕರಿನಲ್ಲಿ ಟ್ವೀಟರ್ ಇರುವುದಿಲ್ಲ. ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಅದರ ದನಿ ಕಡಿದಾಗಿ ಇಳಿಯುತ್ತದೆ. 6,000 ಹರ್ಟ್ಸ್‌ನಲ್ಲಿ ಒಂದು ಪೆಟ್ಟಿಗೆ 20 ಡೆಸಿಬೆಲ್ ತಗ್ಗಿಸುತ್ತದೆ ಎಂದಿಟ್ಟುಕೊಳ್ಳಿ. ಅಂದರೆ ಅಲೆಯ ಪಾರ ಹತ್ತನೇ ಒಂದಕ್ಕೆ ಇಳಿಯಿತು. ಮಾಡೆಲರಿನೊಳಗೆ ಲೆಕ್ಕದ ಪೆಟ್ಟಿಗೆ ಒಮ್ಮೆ ಇದನ್ನು ಮಾಡಿದೆ. ಹೊರಬಂದ ಸಂಕೇತವನ್ನು ನಿಜವಾದ ಗಿಟಾರ್ ಪೆಟ್ಟಿಗೆಗೆ ಕೊಟ್ಟರೆ? ಇನ್ನೊಮ್ಮೆ ಹತ್ತನೇ ಒಂದು. ಒಟ್ಟು ನೂರನೇ ಒಂದು. ದನಿ ಕಂಬಳಿ ಹೊದ್ದುಕೊಂಡಂತೆ ಮಂಕಾಗುತ್ತದೆ.

‘ಜಾತ್ರೆಯಲ್ಲಿ ಗಿಟಾರ್ ಪೆಟ್ಟಿಗೆ ಎಲ್ಲಿದೆ? ಟಾಪು, ಬೇಸು ಇರುವುದಲ್ಲವೇ?’ ಎಂದು ನೀವು ಕೇಳಬಹುದು. ನಾನು ಕೇಳಿದ ಕೆಲವು ತಂಡಗಳಲ್ಲಿ ಬ್ಯಾಂಜೊದವನ ಬೆನ್ನ ಹಿಂದೆ ಒಂದು ಹಳೆಯ ಗಿಟಾರ್ ಆಂಪ್ಲಿಫೈಯರ್ ಇರುತ್ತದೆ, ಅವನಿಗೆ ಅವನ ವಾದ್ಯ ಕೇಳಿಸಲೆಂದು. ಮಾಡೆಲರಿನ ಒಂದೇ ಔಟ್‌ಪುಟ್ಟನ್ನು ಸೀಳಿ ಒಂದು ತಂತಿ ಅದಕ್ಕೆ, ಇನ್ನೊಂದು ಮಿಕ್ಸರಿಗೆ. ಈಗ ಏನಾಗುತ್ತದೆ ನೋಡಿ. ಬೆನ್ನ ಹಿಂದಿನದು ಎರಡು ಪೆಟ್ಟಿಗೆಗಳ ದನಿ, ಮಂಕು. ವಾದಕ ಟ್ರೆಬಲ್ ಏರಿಸುತ್ತಾನೆ. ಅವನ ಕಿವಿಗೆ ಅದು ಹಿತವಾಯಿತು. ಆದರೆ ಅದೇ ಏರಿಸಿದ ಸಂಕೇತ ಮಿಕ್ಸರಿನ ಮೂಲಕ ಟ್ವೀಟರ್ ಇರುವ ದೊಡ್ಡ ಪೆಟ್ಟಿಗೆಗಳಿಗೂ ಹೋಗುತ್ತಿದೆ. ಅಲ್ಲಿ ಎರಡನೆಯ ತಗ್ಗಿಸುವಿಕೆ ಇಲ್ಲ. ಮುಂದೆ ಕುಳಿತವರ ಕಿವಿಗೆ ಸೂಜಿ ಚುಚ್ಚಿದಂತಾಗುತ್ತದೆ. ಮಿಕ್ಸರಿನವನು ವಾದಕನನ್ನು ಬೈಯುತ್ತಾನೆ, ವಾದಕ ಮಿಕ್ಸರಿನವನನ್ನು. ಇಬ್ಬರೂ ತಮ್ಮ ತಮ್ಮ ಕಿವಿಗೆ ಪ್ರಾಮಾಣಿಕರೇ!

ಕೆಲವರು ಇದಕ್ಕೆ ಪರಿಹಾರವೆಂದು ಮಾಡೆಲರಿನ ಪೆಟ್ಟಿಗೆ-ಅನುಕರಣೆಯನ್ನೇ ಪೂರ್ತಿ ಆರಿಸಿಬಿಡುತ್ತಾರೆ. ಆಗ ಬೆನ್ನ ಹಿಂದಿನದು ಸರಿಹೋಗುತ್ತದೆ, ಮುಂದಿನದು ಮತ್ತಷ್ಟು ಕೆಡುತ್ತದೆ. ಚಪ್ಪಟೆಯಾದ ಅಲೆಯಿಂದ ಹುಟ್ಟಿದ 5,000ದಿಂದ 10,000 ಹರ್ಟ್ಸ್‌ವರೆಗಿನ ಗೀಚುದನಿಯನ್ನು ಸೋಸುವವರೇ ಇಲ್ಲದೆ ಜೀರುಂಡೆ ಹೊಕ್ಕಂತಾಗುತ್ತದೆ. ನಿಜವಾದ ಪರಿಹಾರಕ್ಕೆ ಖರ್ಚಿಲ್ಲ. ಇಂದಿನ ಅನೇಕ ಮಾಡೆಲರುಗಳಲ್ಲಿ ಎರಡು ಔಟ್‌ಪುಟ್‌ಗಳಿವೆ. ಮಿಕ್ಸರಿಗೆ ಹೋಗುವುದರಲ್ಲಿ ಪೆಟ್ಟಿಗೆಯ ಅನುಕರಣೆ ಇರಲಿ, ಬೆನ್ನ ಹಿಂದೆ ಹೋಗುವುದರಲ್ಲಿ ಬೇಡ ಎಂದು ಪ್ರತ್ಯೇಕವಾಗಿ ಹೇಳಬಹುದು. ಈ ಸೌಲಭ್ಯ ಕೈಪಿಡಿಯ ಯಾವುದೋ ಪುಟದಲ್ಲಿ ಇಂಗ್ಲಿಷಿನಲ್ಲಿ ಅಡಗಿದೆ. ಇಷ್ಟು ದುಬಾರಿ ಯಂತ್ರ ಮಾರುವವರು ಅದನ್ನು ಕೊಳ್ಳುವವನ ಭಾಷೆಯಲ್ಲಿ ಎರಡು ಪುಟ ಅಚ್ಚು ಹಾಕಿಸಬಾರದೇ?

ಪವರ್ ಆಂಪ್ಲಿಫೈಯರಿನ ವಿಷಯದಲ್ಲೂ ಇಂಥದ್ದೇ ಎರಡೆರಡು ಲೆಕ್ಕ. ವಾಲ್ವ್ ಆಂಪ್ಲಿಫೈಯರಿನ ಒಳ ಇಂಪಿಡೆನ್ಸ್ ಹೆಚ್ಚು. ಸ್ಪೀಕರಿನ ಇಂಪಿಡೆನ್ಸ್ ‘8 ಓಮ್’ ಎಂದು ಬರೆದಿದ್ದರೂ ಅದು ಸ್ಥಿರವಲ್ಲ. ಶಂಕುವಿನ ಅನುರಣನೆಯ ಬಳಿ ಹಲವು ಪಟ್ಟು ಏರುತ್ತದೆ, ಮೇಲಿನ ಆವೃತ್ತಿಗಳಲ್ಲಿ ಸುರುಳಿಯ ಪ್ರೇರಕತೆಯಿಂದ ಮತ್ತೆ ಏರುತ್ತದೆ. ವಾಲ್ವಿನ ಎದುರು ಇಂಪಿಡೆನ್ಸ್ ಏರಿದಲ್ಲೆಲ್ಲ ವೋಲ್ಟೇಜೂ ಏರಿ, ತಗ್ಗು ಮತ್ತು ಮೇಲ್‌ದನಿಗಳು ಉಬ್ಬುತ್ತವೆ. ಟ್ರಾನ್ಸಿಸ್ಟರ್ ಆಂಪ್ಲಿಫೈಯರು ಹೀಗೆ ಮಣಿಯುವುದಿಲ್ಲ. ಮಾಡೆಲರು ಆ ಉಬ್ಬನ್ನೂ ಲೆಕ್ಕ ಹಾಕಿ ಸೇರಿಸಿರುವುದರಿಂದ ಅದರ ಮುಂದೆ ಬೇಕಾದದ್ದು ತನ್ನದೇನನ್ನೂ ಸೇರಿಸದ ಟ್ರಾನ್ಸಿಸ್ಟರ್ ಯಂತ್ರ. ವಾಲ್ವ್ ಯಂತ್ರವೇ ಇದ್ದರೆ ಮಾಡೆಲರಿನಲ್ಲಿ ಪವರ್ ಹಂತದ ಅನುಕರಣೆಯನ್ನು ಆರಿಸಬೇಕು.

ಆದರೆ ಬಯಲಿನಲ್ಲಿ ಈ ಸೂಕ್ಷ್ಮಕ್ಕಿಂತ ಮೊದಲು ಕಾಡುವುದು ಓಮನ ನಿಯಮ. 8 ಓಮಿನ ಎರಡು ಪೆಟ್ಟಿಗೆಗಳನ್ನು ಸಮಾಂತರವಾಗಿ ಜೋಡಿಸಿದರೆ 4 ಓಮ್, ನಾಲ್ಕನ್ನು ಜೋಡಿಸಿದರೆ 2 ಓಮ್. ಆಂಪ್ಲಿಫೈಯರು 40 ವೋಲ್ಟ್ ಕೊಡುತ್ತಿದ್ದರೆ ಒಂದು ಪೆಟ್ಟಿಗೆಗೆ 5 ಆಂಪಿಯರ್, ನಾಲ್ಕಕ್ಕೆ 20 ಆಂಪಿಯರ್. 4 ಓಮಿಗಷ್ಟೇ ತಯಾರಾದ ಯಂತ್ರ ಇದನ್ನು ತಾಳದೆ ಆರಿಹೋದರೆ ಪುಣ್ಯ; ಸುಟ್ಟರೆ ಆ ತಂಡದ ಒಂದು ಹಂಗಾಮಿನ ಸಂಪಾದನೆ ಹೋಯಿತು. ತಂತಿಯನ್ನು ಕೇಳುವವರೇ ಇಲ್ಲ. 0.75 ಚದರ ಮಿ.ಮೀ. ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ 30 ಮೀಟರ್ ದೂರದ ಪೆಟ್ಟಿಗೆಗೆ, ಹೋಗಿ ಬರಲು 60 ಮೀಟರ್, ಪ್ರತಿರೋಧ ಸುಮಾರು 1.4 ಓಮ್. 4 ಓಮಿನ ಹೊರೆಗೆ ಕೊಟ್ಟ ಸಾಮರ್ಥ್ಯದಲ್ಲಿ ನಾಲ್ಕನೇ ಒಂದು ಪಾಲು ತಂತಿಯನ್ನು ಬಿಸಿ ಮಾಡುವುದಕ್ಕೇ ಸಂದಾಯ. 2.5 ಚದರ ಮಿ.ಮೀ. ಬಳಸಿದರೆ ನಷ್ಟ ಹತ್ತನೇ ಒಂದಕ್ಕಿಂತ ತುಸು ಕಡಿಮೆ.

ವ್ಯಾಟಿನ ವ್ಯಾಮೋಹದ ಬಗ್ಗೆ ಹೇಳದಿದ್ದರೆ ವಿಮರ್ಶೆ ಅಪೂರ್ಣ. ಪೆಟ್ಟಿಗೆಯ ಮೇಲೆ ಸಾವಿರಗಳಲ್ಲಿ ಬರೆದ ‘ಪಿಎಂಪಿಒ’ ಅಂಕಿಗೆ ಯಾವ ಒಪ್ಪಿತ ಅಳತೆಯ ವಿಧಾನವೂ ಇಲ್ಲ. ಅದನ್ನು ಅಂಕಗಣಿತವೆನ್ನುವುದಕ್ಕಿಂತ ಅಲಂಕಾರವೆನ್ನುವುದೇ ಸರಿ. ನೋಡಬೇಕಾದದ್ದು ಸಂವೇದನಶೀಲತೆ: 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್? 100 ಡೆಸಿಬೆಲ್ಲಿನ ಸ್ಪೀಕರಿಗೆ 50 ವ್ಯಾಟ್ ಕೊಟ್ಟರೆ ಬರುವಷ್ಟು ದನಿಗೆ 90 ಡೆಸಿಬೆಲ್ಲಿನದಕ್ಕೆ 500 ವ್ಯಾಟ್ ಬೇಕು. ಯಂತ್ರವನ್ನು 500ರಿಂದ 1,000 ವ್ಯಾಟಿಗೆ ಏರಿಸಿದರೆ ಸಿಗುವುದು ಬರೇ 3 ಡೆಸಿಬೆಲ್.

ಅದೂ ಪೂರ್ತಿ ಸಿಗದು. ಒಳ್ಳೆಯ ಸ್ಪೀಕರಿನಲ್ಲೂ ನೂರು ವ್ಯಾಟಿನಲ್ಲಿ ಐದಾರು ವ್ಯಾಟ್ ಮಾತ್ರ ಶಬ್ದವಾಗುತ್ತದೆ, ಉಳಿದದ್ದು ಸುರುಳಿಯ ಬಿಸಿ. ತಾಮ್ರದ ಪ್ರತಿರೋಧ ಪ್ರತಿ ಡಿಗ್ರಿಗೆ ಶೇ. 0.39ರಷ್ಟು ಏರುತ್ತದೆ. ಸುರುಳಿ 20ರಿಂದ 200 ಡಿಗ್ರಿಗೆ ಕಾದರೆ ಪ್ರತಿರೋಧ ಶೇ. 70ರಷ್ಟು ಹೆಚ್ಚಿ ದನಿ 2 ಡೆಸಿಬೆಲ್ಲಿಗೂ ಮಿಗಿಲಾಗಿ ಕುಸಿಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಪೆಟ್ಟಿಗೆ ತಣಿಯುವುದೇ ಕಷ್ಟ. ದನಿ ಇಳಿಯಿತೆಂದು ಗುಂಡಿ ತಿರುಗಿಸಿದರೆ ಇನ್ನಷ್ಟು ಬಿಸಿ, ಕೊನೆಗೆ ಸುಟ್ಟ ಸುರುಳಿಯ ವಾಸನೆ.

ಇದು ಕಿವಿಯ ಪ್ರಶ್ನೆಯೂ ಹೌದು. 100 ಡೆಸಿಬೆಲ್ಲಿನ ಸ್ಪೀಕರಿಗೆ 100 ವ್ಯಾಟ್ ಕೊಟ್ಟರೆ 1 ಮೀಟರಿನಲ್ಲಿ 120, ವಿಲೋಮ ವರ್ಗ ನಿಯಮದಂತೆ 10 ಮೀಟರಿನಲ್ಲಿ 100 ಡೆಸಿಬೆಲ್. ಕಾರ್ಮಿಕರ ಶ್ರವಣರಕ್ಷಣೆಗೆ ಅಮೆರಿಕದ ನಿಯೋಷ್ ಸಂಸ್ಥೆ ಹೇಳುವ ಲೆಕ್ಕದಲ್ಲಿ 85 ಡೆಸಿಬೆಲ್ಲಿಗೆ ದಿನಕ್ಕೆ 8 ಗಂಟೆ, ಮುಂದೆ ಪ್ರತಿ 3 ಡೆಸಿಬೆಲ್ಲಿಗೆ ಅವಧಿ ಅರ್ಧ. 100 ಡೆಸಿಬೆಲ್ಲಿಗೆ 15 ನಿಮಿಷ. ಮೆರವಣಿಗೆ ಹದಿನೈದು ನಿಮಿಷಕ್ಕೆ ಊರ ಅಗಸೆಯನ್ನೂ ದಾಟುವುದಿಲ್ಲ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಗೊತ್ತುಮಾಡಿವೆ. ಪೆಟ್ಟಿಗೆಗೆ ಅತಿ ಹತ್ತಿರ, ಬಂಡಿಯ ಹಿಂದೆ ನಡೆಯುವವರು ನಿಮ್ಮ ಶಾಲೆಯ ಹುಡುಗರೇ.

ಹಳೆಯ ಕೊಂಬಿನ ಸ್ಪೀಕರಿಗೂ ನ್ಯಾಯ ಸಲ್ಲಬೇಕು. ಕೊಂಬು ತಗ್ಗುದನಿಯನ್ನು ಹೊರಹಾಕಬೇಕಾದರೆ ಅದರ ಬಾಯಿಯ ಸುತ್ತಳತೆ ತರಂಗದೂರದಷ್ಟಾದರೂ ಇರಬೇಕು. ಬಾಯಿಯ ವ್ಯಾಸ 40 ಸೆಂ.ಮೀ. ಇದ್ದರೆ ಸುತ್ತಳತೆ ಒಂದೂಕಾಲು ಮೀಟರ್. ಅಂದರೆ ಸುಮಾರು 275 ಹರ್ಟ್ಸ್‌ಗಿಂತ ಕೆಳಗಿನದು ಬಾರದು. ತತ್ವಪದ ಹಾಡುವವರ ಷಡ್ಜ 130 ಹರ್ಟ್ಸ್ ಇದ್ದರೆ ಅದು ಕೊಂಬಿನಿಂದ ಹೊರಬರುವುದೇ ಇಲ್ಲ. ಆದರೂ ನಮಗೆ ಕೇಳಿಸುತ್ತದಲ್ಲ! 390, 520, 650 ಹರ್ಟ್ಸ್‌ಗಳು ಬಂದರೆ ಸಾಕು, ಅವುಗಳ ನಡುವಣ 130ರ ಅಂತರದಿಂದ ಮಿದುಳು ಇಲ್ಲದ ಷಡ್ಜವನ್ನು ತಾನೇ ಊಹಿಸಿಕೊಳ್ಳುತ್ತದೆ. ಮಾತಿನ ವ್ಯಂಜನಗಳ ಸ್ಪಷ್ಟತೆ ಹೆಚ್ಚಾಗಿ 2,000ದಿಂದ 4,000 ಹರ್ಟ್ಸ್ ಸುತ್ತ ಇರುತ್ತದೆ. ಅದು ಕೊಂಬಿಗೆ ಸಲೀಸು. ದನಿ ಒರಟಾದರೂ ಪದದ ಒಂದಕ್ಷರ ತಪ್ಪುತ್ತಿರಲಿಲ್ಲ.

ಈಗ ಅದೇ ತತ್ವಪದಕ್ಕೆ ಹದಿನೆಂಟು ಇಂಚಿನ ಬೇಸ್ ಪೆಟ್ಟಿಗೆ, ಏಕತಾರಿಗೆ ಪಿಕಪ್, ಮೇಲೊಂದು ದೊಡ್ಡ ಸಭಾಂಗಣದ ಪ್ರತಿಧ್ವನಿಯ ಅನುಕರಣೆ. ಬ್ಯಾಂಜೊಗೆ ಮಾಡೆಲರ್ ಹಾಕುವುದಕ್ಕೆ ನನ್ನ ತಕರಾರಿಲ್ಲ. ಅದು ಹುಟ್ಟಿನಿಂದಲೇ ಕುಣಿತದ ವಾದ್ಯ. ಆದರೆ ತತ್ವಪದದಲ್ಲಿ ಕೇಳುಗ ಕಾಯುವುದು ಮಾತಿಗಾಗಿ. ಬಯಲಿನಲ್ಲಿ ಇಲ್ಲದ ಗೋಡೆಗಳನ್ನು ಲೆಕ್ಕದಿಂದ ಕಟ್ಟಿ, ಒಂದು ಅಕ್ಷರದ ಬಾಲವನ್ನು ಮುಂದಿನ ಅಕ್ಷರದ ಮೇಲೆ ಎಳೆದುಹಾಕುವುದು ಯಾವ ನ್ಯಾಯ? ಏಕತಾರಿಗೆ ಬೇಕಾದದ್ದು ಒಂದು ಸಾಧಾರಣ ಮೈಕು, ಎಲ್ಲ ಆವೃತ್ತಿಗಳನ್ನೂ ಸಮನಾಗಿ ನುಡಿಸುವ ಒಂದು ಪೆಟ್ಟಿಗೆ, ಅಷ್ಟೇ.

ಶಿಕ್ಷಕರು ಇದನ್ನು ಒಂದು ಪ್ರಯೋಗವಾಗಿ ಮಾಡಿಸಬಹುದು. ಊರಿನ ತಂಡದವರನ್ನು ಮಧ್ಯಾಹ್ನ ಬಿಡುವಿನಲ್ಲಿ ಶಾಲೆಯ ಮೈದಾನಕ್ಕೆ ಕರೆಯಿರಿ. ಒಂದೇ ರಾಗದ ತುಣುಕನ್ನು ಪೆಟ್ಟಿಗೆ-ಅನುಕರಣೆ ಇಟ್ಟು ಒಮ್ಮೆ, ಆರಿಸಿ ಒಮ್ಮೆ ನುಡಿಸಲು ಹೇಳಿ. ಅರ್ಧ ವಿದ್ಯಾರ್ಥಿಗಳು ಗಿಟಾರ್ ಆಂಪ್ಲಿಫೈಯರಿನ ಮುಂದೆ, ಉಳಿದರ್ಧ ದೊಡ್ಡ ಪೆಟ್ಟಿಗೆಯಿಂದ ಸುಮಾರು 20 ಮೀಟರ್ ದೂರದಲ್ಲಿ ನಿಂತು, ಯಾವುದು ಮಂಕು, ಯಾವುದು ಚುಚ್ಚುತ್ತದೆ ಎಂದು ಪರಸ್ಪರ ಮಾತಾಡದೆ ಬರೆದುಕೊಳ್ಳಲಿ. ಆಮೇಲೆ ಜಾಗ ಬದಲಿಸಿ ಮತ್ತೊಮ್ಮೆ ಕೇಳಲಿ. ಬ್ಯಾಂಜೊ ನುಡಿಸುವವರನ್ನೂ ಒಮ್ಮೆ ಆ 20 ಮೀಟರ್ ದೂರಕ್ಕೆ ಕರೆದೊಯ್ದು, ಅವರ ಶಿಷ್ಯನಿಂದ ನುಡಿಸಿ ಕೇಳಿಸಿ. ಅಷ್ಟು ಹೊತ್ತೂ ಟ್ರೆಬಲ್ ಗುಂಡಿಯನ್ನು ಯಾರೂ ಮುಟ್ಟಬಾರದು.