ಬಿಸಿಯಿರುವಾಗಲೇ ಮಡಿಸಬೇಕು

ಮನಸ್ಸಿನಲ್ಲೇ ಮಂಡಿಗೆ ತಿನ್ನುವ ಮಾತು ಕನ್ನಡದಲ್ಲಿರುವಂತೆ ಮರಾಠಿಯಲ್ಲೂ ಇದೆ. ಅಲ್ಲಿ ಮಂಡಿಗೆ ‘ಮಾಂಡೆ’ ಆಗುತ್ತದೆ, ಅಷ್ಟೆ. ಪುಣೆ–ಸೊಲ್ಲಾಪುರ ಹೆದ್ದಾರಿಯ ಇಂದಾಪುರದಲ್ಲಿ ನಿಂತರೆ ಈ ನಂಟು ಕಣ್ಣಿಗೇ ಕಾಣುತ್ತದೆ. ಉಜನಿ ಅಣೆಕಟ್ಟಿನ ಹಿನ್ನೀರಾಗಿ ಹರಡಿಕೊಂಡ ಭೀಮೆ ಇಲ್ಲಿಂದ ಪಂಢರಪುರ ದಾಟಿ, ವಿಜಯಪುರ, ಕಲಬುರಗಿ ಸೀಮೆಗೆ ಬಂದು, ಕೊನೆಗೆ ರಾಯಚೂರಿನ ಹತ್ತಿರ ಕೃಷ್ಣೆಯನ್ನು ಸೇರುತ್ತದೆ. ಆಷಾಢದಲ್ಲಿ ತುಕಾರಾಮರ ಪಾಲಖಿ ಪಂಢರಪುರಕ್ಕೆ ಹೋಗುವುದೂ ಇಂದಾಪುರದ ಮೇಲೆಯೇ. ವಾರಕರಿಗಳ ನಡುವೆ ಬೆಳೆದು ಬಂದ ಕಥೆಗಳಲ್ಲಿ ಮುಕ್ತಾಬಾಯಿಯದೂ ಒಂದು. ಮಾಂಡೆ ಬೇಯಿಸಲು ಕುಂಬಾರರಿಂದ ಮಡಕೆ ಸಿಗದಾಗ ಅಣ್ಣ ಜ್ಞಾನೇಶ್ವರರು ಯೋಗಬಲದಿಂದ ತಮ್ಮ ಬೆನ್ನನ್ನೇ ಕಾಯಿಸಿದರು, ತಂಗಿ ಅದರ ಮೇಲೆ ಮಾಂಡೆ ಬೇಯಿಸಿದಳು ಎಂಬ ಕಥೆ.

ಆ ಕಥೆಯಲ್ಲಿ ಹಿಟ್ಟಿಗೂ ಹೂರಣಕ್ಕೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಕಾವಿಗೆ. ಇಟಲಿಯ ಪಿಟ್ಸೆಲ್ಲೆ ಎಂಬ ಬಿಲ್ಲೆ ತಿಂಡಿಯನ್ನು ಮನೆಯಲ್ಲಿ ಮಾಡಲು ಹೊರಟವರು ಮೊದಲು ಗಮನಿಸಬೇಕಾದದ್ದೂ ಇದನ್ನೇ. ಈ ತಿಂಡಿಯ ಪಾಕವಿಧಾನಗಳು ಗ್ರಾಂ ಲೆಕ್ಕದಲ್ಲಿ ಅಳತೆ ಕೊಡುತ್ತವೆ, ಕಾವಿನ ವಿಷಯಕ್ಕೆ ಒಂದೇ ಸಾಲು ಬರೆದು ಮುಗಿಸುತ್ತವೆ. ಸೋಲುವುದು ಆ ಒಂದು ಸಾಲಿನಲ್ಲೇ.

ಪಿಟ್ಸೆಲ್ಲೆಯ ತವರು ಮಧ್ಯ ಇಟಲಿಯ ಅಬ್ರುತ್ಸೊ ಪ್ರಾಂತ್ಯ. ಒಂದು ಕಡೆ ಅಪೆನೈನ್ ಬೆಟ್ಟಸಾಲು, ಇನ್ನೊಂದು ಕಡೆ ಏಡ್ರಿಯಾಟಿಕ್ ಸಮುದ್ರ. ಅಲ್ಲಿ ಇದಕ್ಕೆ ಫೆರ್ರಾಟೆಲ್ಲೆ ಎಂಬ ಹೆಸರೂ ಇದೆ. ಫೆರ್ರೊ ಎಂದರೆ ಕಬ್ಬಿಣ, ತಿಂಡಿಗೆ ಹೆಸರು ಬಂದದ್ದು ಅದನ್ನು ಬೇಯಿಸುವ ಅಚ್ಚಿನಿಂದ. ಇಕ್ಕಳದಂಥ ಎರಡು ಉದ್ದನೆಯ ಹಿಡಿಕೆ, ಅವುಗಳ ತುದಿಯಲ್ಲಿ ಒಂದರ ಮೇಲೊಂದು ಕೂರುವ ಎರಡು ಕಬ್ಬಿಣದ ಬಿಲ್ಲೆ, ಬಿಲ್ಲೆಗಳ ಒಳಮೈಯಲ್ಲಿ ಹೂವಿನ ಅಥವಾ ಜಾಲರಿಯ ಕೆತ್ತನೆ. ಹಳೆಯ ಅಚ್ಚುಗಳಲ್ಲಿ ಮನೆತನದ ಮೊದಲಕ್ಷರಗಳನ್ನೂ ಇಸವಿಯನ್ನೂ ಕೆತ್ತಿಸುತ್ತಿದ್ದರು. ಮದುವೆಯಾಗಿ ಹೋಗುವ ಮಗಳ ಜೊತೆ ಅಚ್ಚೂ ಹೋಗುತ್ತಿತ್ತು. ಬೆಂಕಿಯ ಮೇಲೆ ಹಿಡಿದು ಒಂದು ಮಗ್ಗುಲಿಗೆ ಮೇರಿ ಮಾತೆಯ ಜಪ, ಮಗುಚಿ ಇನ್ನೊಂದು ಮಗ್ಗುಲಿಗೆ ಪರಲೋಕದ ತಂದೆಯ ಪ್ರಾರ್ಥನೆ ಹೇಳಿಕೊಂಡರೆ ಬೆಂದಿತೆಂದು ಲೆಕ್ಕ. ಗಡಿಯಾರವಿಲ್ಲದ ಅಡುಗೆಮನೆಯ ಗಡಿಯಾರ ಅದು.

ಹಿಟ್ಟಿನ ಲೆಕ್ಕ ಕಷ್ಟದ್ದಲ್ಲ. ಮೂರು ಮೊಟ್ಟೆ, 150 ಗ್ರಾಂ ಸಕ್ಕರೆ, 110 ಗ್ರಾಂ ಬೆಣ್ಣೆ, 220 ಗ್ರಾಂ ಮೈದಾ, ಪರಿಮಳಕ್ಕೆ ಆನಿಸ್ ಕಾಳು ಅಥವಾ ನಿಂಬೆಸಿಪ್ಪೆಯ ತುರಿ. ಇಷ್ಟರಲ್ಲಿ ಸುಮಾರು ಮೂವತ್ತು ಬಿಲ್ಲೆ ಬರುತ್ತವೆ. ಈಗಿನ ಪಾಕವಿಧಾನಗಳಲ್ಲಿ ಬೇಕಿಂಗ್ ಪೌಡರ್ ಕಾಯಂ ಆಗಿಬಿಟ್ಟಿದೆ. ಅದು ಹಾಕಿದರೆ ಬಿಲ್ಲೆ ಉಬ್ಬುತ್ತದೆ, ಕೆತ್ತನೆಯ ಗೆರೆ ಮಸುಕಾಗುತ್ತದೆ. ಮೆತ್ತಗಿನ, ದಪ್ಪನೆಯ ಬಗೆ ಬೇಕೆಂದವರಿಗೆ ಅದು ಸರಿ. ಮುರಿದರೆ ಸದ್ದಾಗುವ ತೆಳುವಾದ ಬಗೆ ಬೇಕೆಂದವರು ಅದನ್ನು ಬಿಡುವುದೇ ಲೇಸು.

ಇಂದಾಪುರದಂಥ ಊರಿನಲ್ಲಿ ಸಾಮಾನು ಹೊಂದಿಸುವಾಗ ಮೂರು ಬದಲಾವಣೆ ತಾನಾಗಿ ಬರುತ್ತವೆ. ಮೂರನ್ನೂ ಬೇರೆಬೇರೆಯಾಗಿ ತೂಗಬೇಕು. ಮೊದಲನೆಯದು ಬಡೇಸೋಪು. ಅಬ್ರುತ್ಸೊದವರು ಬಳಸುವ ಆನಿಸ್ ಬೇರೆ ಗಿಡದ್ದು, ನಮ್ಮ ಬಡೇಸೋಪು ಬೇರೆ ಗಿಡದ್ದು. ಆದರೆ ಎರಡಕ್ಕೂ ಪರಿಮಳ ಕೊಡುವುದು ಅನೆಥೋಲ್ ಎಂಬ ಒಂದೇ ಅಂಶ. ಹಾಗಾಗಿ ಬಡೇಸೋಪನ್ನು ಸ್ವಲ್ಪ ಹುರಿದು, ಒರಟಾಗಿ ಕುಟ್ಟಿ ಹಾಕಿದರೆ ರುಚಿಗೆ ಮೋಸವಿಲ್ಲ. ಎರಡನೆಯದು ತುಪ್ಪ. ಬೆಣ್ಣೆಯಲ್ಲಿ ನೀರಿನಂಶವಿರುತ್ತದೆ, ತುಪ್ಪದಲ್ಲಿ ಇರುವುದಿಲ್ಲ. ಬೆಣ್ಣೆಯ ಅಳತೆಗಿಂತ ಐದರಲ್ಲೊಂದು ಪಾಲು ಕಡಿಮೆ ತುಪ್ಪ ಹಾಕಿದರೆ ಬಿಲ್ಲೆ ಇನ್ನಷ್ಟು ಗರಿಗರಿಯಾಗುತ್ತದೆ. ಇದು ನಿಜಕ್ಕೂ ಒಳ್ಳೆಯ ಬದಲಾವಣೆ. ಮೂರನೆಯದು ಬೆಲ್ಲ. ಸುತ್ತ ಕಬ್ಬಿನ ಗದ್ದೆಯಿರುವ ತಾಲ್ಲೂಕಿನಲ್ಲಿ ಬೆಲ್ಲದ ಆಸೆ ಹುಟ್ಟುವುದು ಸಹಜವೇ. ಆದರೆ ಬೆಲ್ಲ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಂತೂ ಬೆಳಿಗ್ಗೆ ಮಾಡಿದ ಬಿಲ್ಲೆ ಸಂಜೆಗೆ ಒದ್ದೆ ರಟ್ಟಿನಂತೆ ಬಾಗುತ್ತದೆ. ತೆಳು ಪಿಟ್ಸೆಲ್ಲೆಗೆ ಸಕ್ಕರೆಯೇ ಬೇಕು.

ಇನ್ನು ಅಚ್ಚಿನ ಮಾತು. ಅಬ್ರುತ್ಸೊದಿಂದ ಅಮೆರಿಕದ ಪೆನ್ಸಿಲ್ವೇನಿಯಾ, ಓಹಿಯೊ ಕಡೆಗೆ ವಲಸೆ ಹೋದ ಕುಟುಂಬಗಳು ಅಚ್ಚನ್ನೂ ಜೊತೆಗೆ ಒಯ್ದವು. ಮುಂದೆ ಅದಕ್ಕೆ ವಿದ್ಯುತ್ತಿನ ರೂಪ ಬಂತು. ವಿದ್ಯುತ್ ಅಚ್ಚು ಎರಡೂ ಕಡೆ ಸಮನಾಗಿ ಕಾಯುತ್ತದೆ, 30ರಿಂದ 60 ಸೆಕೆಂಡಿನಲ್ಲಿ ಬಿಲ್ಲೆ ಸಿದ್ಧ. ಹೊಸಬರ ಕೈಗೆ ಇದು ದೊಡ್ಡ ಆಸರೆ, ಇದನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ನಮ್ಮ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವ ವಾಫಲ್ ಯಂತ್ರ ಇದಲ್ಲ. ಅದರ ಆಳವಾದ ಚೌಕಗಳಲ್ಲಿ ಬೇಯುವುದು ಮೆತ್ತನೆಯ ದಪ್ಪ ವಾಫಲ್. ಅದರಲ್ಲಿ ಪಿಟ್ಸೆಲ್ಲೆ ಹಿಟ್ಟು ಸುರಿದವರಿಗೆ ಅಂಚು ಕಪ್ಪಾಗಿ ನಡುಭಾಗ ಹಸಿಯಾಗಿ ಉಳಿದ ರೊಟ್ಟಿ ಸಿಗುತ್ತದೆ. ಹಳೆಯ ಅಬ್ರುತ್ಸೊ ಅಚ್ಚಿಗೆ ಹೆಚ್ಚು ಹತ್ತಿರದ್ದು ಗ್ಯಾಸ್ ಒಲೆಯ ಮೇಲೆ ಹಿಡಿಯುವ ಸ್ಯಾಂಡ್‌ವಿಚ್ ಟೋಸ್ಟರ್. ಎರಡು ಬಿಲ್ಲೆ, ಉದ್ದ ಹಿಡಿಕೆ, ಕೆಳಗೆ ಉರಿ, ನಡುವೆ ಒಮ್ಮೆ ಮಗುಚುವುದು, ಎಲ್ಲವೂ ಅದೇ. ಕೊರತೆ ಕೆತ್ತನೆಯದು, ಜೊತೆಗೆ ತಗ್ಗು ತುಸು ಹೆಚ್ಚು. ಒಂದೇ ಚಮಚ ಹಿಟ್ಟು ಹಾಕಿ ಒತ್ತಿ ಹಿಡಿದರೆ ಅದರಲ್ಲೂ ಒಪ್ಪುವಂಥ ಬಿಲ್ಲೆ ಬರುತ್ತದೆ.

ಅಚ್ಚಿನಿಂದ ತೆಗೆದ ಮೇಲಿನ ಕೆಲವು ಸೆಕೆಂಡುಗಳೇ ಈ ತಿಂಡಿಯ ಜೀವ. ಬಿಸಿ ಪಿಟ್ಸೆಲ್ಲೆ ಬಟ್ಟೆಯಂತೆ ಬಳುಕುತ್ತದೆ. ಅದನ್ನು ಲಟ್ಟಣಿಗೆಗೆ ಸುತ್ತಿದರೆ ಕೊಳವೆ, ಬಟ್ಟಲಿಗೆ ಒತ್ತಿದರೆ ಬಟ್ಟಲು. ಕರಗಿದ ಸಕ್ಕರೆ ಬಿಸಿಯಲ್ಲಿ ಮೆದುವಾಗಿದ್ದು ಆರುತ್ತಲೇ ಗಾಜಿನಂತೆ ಗಟ್ಟಿಯಾಗುತ್ತದೆ. ಅರೆ ನಿಮಿಷ ತಡವಾದರೆ ಸುತ್ತುವ ಮಾತಿಲ್ಲ, ಚೂರು.

ಬೆಳಗಾವಿ ಕಡೆಯ ಮಂಡಿಗೆಯವರಿಗೆ ಇದು ಹೊಸ ಪಾಠವಲ್ಲ. ಸಕ್ಕರೆ ಪುಡಿ, ತುಪ್ಪ, ಏಲಕ್ಕಿ, ಗಸಗಸೆ ತುಂಬಿದ ಉಂಡೆಯನ್ನು ಲಟ್ಟಿಸಿ, ಅಂಗೈ ಮುಂಗೈಗಳ ಮೇಲೆ ಹಾಯಿಸುತ್ತ ಹಿಗ್ಗಿಸುತ್ತಾರೆ. ಆಚೆ ಬದಿಯ ಕೈ ಕಾಣುವಷ್ಟು ತೆಳುವಾದಾಗ ಬೋರಲು ಹಾಕಿದ ಕಾದ ಬಾಣಲೆಯ ಮೇಲೆ ಹೊದಿಸುತ್ತಾರೆ. ಬೆಂದ ತಕ್ಷಣ ಎತ್ತಿ, ಹಾಳೆ ಇನ್ನೂ ಬಳುಕುವಾಗಲೇ ಚೌಕಾಗಿ ಮಡಿಸಿಬಿಡಬೇಕು. ಆರಿದರೆ ಅದೂ ಪುಡಿಪುಡಿ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲೂ ‘ಮಂಡಕ’ದ ವಿವರ ಬರುತ್ತದೆ.

ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಕ್ರಿಸ್ಮಸ್ಸಿನ ಕುಸ್ವಾರ್ ತಟ್ಟೆಗೆಂದು ಮಾಡುವ ಗುಲಾಬಿ ಹೂವು ಅಚ್ಚಿನ ಪಾಠ ಹೇಳಿಕೊಡುತ್ತದೆ. ಹೂವಿನ ಆಕಾರದ ಅಚ್ಚನ್ನು ಕುದಿಯುವ ಎಣ್ಣೆಯಲ್ಲಿ ಕಾಯಿಸಿ, ತೆಂಗಿನ ಹಾಲು ಬೆರೆಸಿದ ಹಿಟ್ಟಿನಲ್ಲಿ ಅದ್ದುತ್ತಾರೆ. ಅಚ್ಚು ಕಾಯದಿದ್ದರೆ ಹಿಟ್ಟು ಅಂಟುವುದೇ ಇಲ್ಲ. ಅಂಚಿನ ಮೇಲೆ ಹಿಟ್ಟು ಹತ್ತಿದರೆ ಹೂವು ಬಿಡುವುದೇ ಇಲ್ಲ. ಹೊಸ ಅಚ್ಚನ್ನು ಎಣ್ಣೆಯಲ್ಲಿ ನೆನೆಸಿಟ್ಟು ಪಳಗಿಸಿದ ಮೇಲೇ ಬಳಸುವ ಪದ್ಧತಿಯಿದೆ. ಪಿಟ್ಸೆಲ್ಲೆಯ ಕಬ್ಬಿಣಕ್ಕೂ ಇದೇ ಉಪಚಾರ ಬೇಕು. ಮೊದಲ ಎರಡು ಬಿಲ್ಲೆ ಅಚ್ಚಿಗೇ ಮೀಸಲು.

ಮೊಟ್ಟೆಯಿಲ್ಲದ ಪಿಟ್ಸೆಲ್ಲೆಯ ಪಾಕವಿಧಾನಗಳೂ ಓಡಾಡುತ್ತಿವೆ. ಹಿಟ್ಟನ್ನು ಕಟ್ಟಿ ಹಿಡಿಯುವುದು ಮೊಟ್ಟೆ. ಅದಿಲ್ಲದೆ ಹಾಲು, ಮೊಸರಿನ ಮೇಲೆ ನಿಂತ ಬಿಲ್ಲೆ ಅಚ್ಚಿಗೆ ಅಂಟುತ್ತದೆ, ಎತ್ತುವಾಗ ಹರಿಯುತ್ತದೆ. ಮೊಟ್ಟೆ ತಿನ್ನದ ಮನೆಯವರು ಅಷ್ಟು ಶ್ರಮವನ್ನು ಮಂಡಿಗೆಯ ಮೇಲೆ ಹಾಕಿದರೆ ಪಿಟ್ಸೆಲ್ಲೆಗೆ ಯಾವ ರೀತಿಯಲ್ಲೂ ಕಡಿಮೆಯಲ್ಲದ, ಅದಕ್ಕಿಂತಲೂ ಕಷ್ಟದ ಕಲೆಯೊಂದು ಕೈಗೆ ಹತ್ತುತ್ತದೆ.

ಒಟ್ಟಿನಲ್ಲಿ, ಮನೆಯಲ್ಲಿ ಪಿಟ್ಸೆಲ್ಲೆ ಮಾಡುವುದು ಮಾಡಬೇಕಾದ ಕೆಲಸವೇ. ಸಾಮಾನು ಅಗ್ಗ, ಹಿಟ್ಟು ಸರಳ, ಡಬ್ಬಿಯ ಮುಚ್ಚಳ ಬಿಗಿಯಾಗಿದ್ದರೆ ಬಹಳ ದಿನ ಗರಿಗರಿಯಾಗಿರುತ್ತದೆ. ಕಲಿಯಲು ಹೊರಟವರು ಯಂತ್ರ ಕೊಳ್ಳುವ ಮೊದಲು ಮಂಡಿಗೆ ಮಡಿಸುವವರ, ಗುಲಾಬಿ ಹೂವು ಕರಿಯುವವರ ಪಕ್ಕದಲ್ಲಿ ಒಂದು ಮಧ್ಯಾಹ್ನ ಕುಳಿತು ಬರಬೇಕು. ನೋಡಬೇಕಾದದ್ದು ಅವರ ಬೆರಳುಗಳನ್ನು: ಕಾವಲಿಗೆ ನೀರು ಚಿಮುಕಿಸಿ ಸದ್ದು ಕೇಳುವುದು, ಹಾಳೆಯ ಅಂಚು ಎದ್ದೊಡನೆ ಉಗುರಿನಿಂದ ಹಿಡಿಯುವುದು, ಸುಡುತ್ತಿದ್ದರೂ ಬಿಡದೆ ಮೂರು ಮಡಿಕೆ ಹಾಕಿ ತಟ್ಟೆಗೆ ಇಡುವುದು.